ಬರಲಿಲ್ಲ, ಬರುತ್ತಿರಲಿಲ್ಲ

ಮಗಳು ಈ ವರ್ಷವೂ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ ಎಂಬ ಸುದ್ದಿ ಗಾಜಿನಂಗಡಿಯವನಿಗೆ ತಿಳಿದದ್ದು ಊಟಕ್ಕೆ ಕೂತಾಗ, ಬಾಯಲ್ಲಿ ತುತ್ತು ಇರುವಾಗ.

ಹೇಳಿದವಳು ಅಜ್ಜಿ. ಬೇಕೆಂದು ಹೇಳಿದ್ದಲ್ಲ. "ಮೊದಲನೇ ವರ್ಷದ್ದು ಸುಲಭ ಇತ್ತಂತೆ, ಈ ಸಲದ್ದು ಕಬ್ಬಿಣದ ಕಡಲೆಯಂತೆ ಕಣೋ," ಎಂದು ಆಲೂಗಡ್ಡೆ ಬಡಿಸುತ್ತಾ ಅಂದಳು, ಅಷ್ಟೇ.

"ಈ ಸಲದ್ದಾ?" ಅಪ್ಪ ಅಗಿಯುವುದನ್ನು ನಿಲ್ಲಿಸಿದ. "ಈ ಸಲ ಲೆಕ್ಕಶಾಸ್ತ್ರ ಅಂತ ಮಾತಾಗಿತ್ತಲ್ಲ."

"ಮಾತಾಡಿದ್ದು ನೀವೊಬ್ಬರೇ," ಎಂದಳು ಅಮ್ಮ. ಅವಳು ಬೇಕರಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದಿದ್ದಳು. ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡೇ ಉಣ್ಣುತ್ತಿದ್ದಳು. "ಅವಳು ಬಂದು ಕೇಳಿದಳು, ನಾನು ಸಹಿ ಹಾಕಿದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅಂತಿದ್ದೆ ಅಂತಲೇ ಹೇಳಬೇಕಿತ್ತು!" ಅಪ್ಪ ತಟ್ಟೆಯನ್ನು ಮುಂದಕ್ಕೆ ತಳ್ಳಿ, ಮತ್ತೆ ಹತ್ತಿರ ಎಳೆದುಕೊಂಡ. ಹಸಿವಿತ್ತು. "ಗಾಜು ಕೊಯ್ಯೋಕೆ ಸ್ಪ್ಯಾನಿಷ್ ಬೇಕಾ? ಕನ್ನಡಿ ಕೊಳ್ಳೋಕೆ ಬರೋರು ಸ್ಪ್ಯಾನಿಷ್‌ನಲ್ಲಿ ಚೌಕಾಸಿ ಮಾಡ್ತಾರಾ? ಅದರಲ್ಲಿ ಏನಿದೆ ಅಂತ ಕಲೀತೀಯಾ?"

"ಏನಿದೆ ಅಂತ ಗೊತ್ತಿಲ್ಲ ಅಪ್ಪಾ, ಅದಕ್ಕೇ," ಎಂದಳು ಮಗಳು.

ಈ ಹುಡುಗಿಗೆ ಮನೆಯಲ್ಲಿ ಯಾಕಮ್ಮ ಎಂದು ಹೆಸರು. ಮಾತು ಬಂದ ದಿನದಿಂದ 'ಯಾಕೆ' ಬಿಟ್ಟರೆ ಬೇರೆ ಪದ ಅವಳ ಬಾಯಿಂದ ಬಂದದ್ದು ಕಡಿಮೆ ಎಂದು ತಾತ ಇಟ್ಟ ಹೆಸರು ಅದು. ತಾತ ಹೋಗಿ ವರ್ಷಗಳಾದವು, ಹೆಸರು ಉಳಿದಿತ್ತು.

ಅಪ್ಪ ಕೊನೆಗೆ ತೀರ್ಪು ಕೊಟ್ಟ. "ಸರಿ. ಈ ಅರ್ಧ ವರ್ಷದ ಪರೀಕ್ಷೆ ಆಗಲಿ. ಚೆನ್ನಾಗಿ ಬಂತೋ, ಇಟ್ಕೋ. ಇಲ್ಲವೋ, ಲೆಕ್ಕಶಾಸ್ತ್ರ. ಆಮೇಲೆ ಯಾಕೆ ಅನ್ನೋ ಹಾಗಿಲ್ಲ."

"ಚೆನ್ನಾಗಿ ಅಂದ್ರೆ ಎಷ್ಟು?"

"ನಿಮ್ಮಮ್ಮನ್ನ ಕೇಳು. ಸಹಿ ಹಾಕಿದ್ದು ಅವಳಲ್ವಾ?"

ಅಂದಿನಿಂದ ಅಪ್ಪ ಅಮ್ಮ ನೇರವಾಗಿ ಮಾತಾಡುವುದು ನಿಂತಿತು. ಉಪ್ಪು ಬೇಕಾದರೂ ಅಜ್ಜಿಯ ಮೂಲಕ ಕೇಳಬೇಕಾಯಿತು.

*

ಸ್ಪ್ಯಾನಿಷ್ ಮೇಡಂ ಎತ್ತರದ ಹೆಂಗಸು. ಉಚ್ಚಾರ ತಪ್ಪಿದರೆ ಬೈಯುತ್ತಿರಲಿಲ್ಲ, "ಓತ್ರಾ ಬೆಸ್" ಎನ್ನುತ್ತಿದ್ದರು. ಇನ್ನೊಮ್ಮೆ ಎಂದು ಅರ್ಥ. ಸರಿಯಾದ ಮೇಲೂ ಓತ್ರಾ ಬೆಸ್. ಹೀಗಾಗಿ ಇಡೀ ಹೈಸ್ಕೂಲು ಅವರನ್ನು ಓತ್ರಾಬೆಸ್ ಮೇಡಂ ಎಂದೇ ಕರೆಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

ಎರಡನೇ ವರ್ಷದ ಪಾಠ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅವರು ಕಪ್ಪುಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಅಲೆಯಂಥ ಗೆರೆ ಎಳೆದರು. ಅದರ ಕೆಳಗೆ ಒಂದು ಚುಕ್ಕಿ ಇಟ್ಟರು.

"ಹೋದ ವರ್ಷ ನೀವು ಬರೀ ಈಗಿನ ಮಾತಾಡಿದಿರಿ. ತಿನ್ನುತ್ತೇನೆ, ಓಡುತ್ತೇನೆ. ಈ ವರ್ಷ ಹಿಂದೆ ತಿರುಗಿ ನೋಡೋದು. ಇವರಲ್ಲಿ ಭೂತಕಾಲಕ್ಕೆ ಎರಡು ಬಾಗಿಲು. ಈ ಅಲೆ ಇದೆಯಲ್ಲ, ಅದು ಮಾಡುತ್ತಿದ್ದದ್ದು. ದಿನಾ, ವಾರವಾರ, ಎಂದಿನಿಂದ ಎಂದಿನವರೆಗೆ ಅಂತ ಗೊತ್ತಿಲ್ಲದೆ. ಈ ಚುಕ್ಕಿ, ಒಂದು ಸಲ ಮಾಡಿದ್ದು. ಆಯ್ತು, ಮುಗೀತು. ತಪ್ಪು ಬಾಗಿಲಲ್ಲಿ ಒಳಗೆ ಹೋದ್ರೆ ಕಥೆಯೇ ಬೇರೆ ಆಗುತ್ತೆ."

ಯಾಕಮ್ಮ ಕೈಯೆತ್ತಿದಳು. "ಮೇಡಂ, ನಮ್ಮಲ್ಲೂ ಇದೆಯಲ್ಲ. ಹೋಗ್ತಿದ್ದೆ, ಹೋದೆ."

"ಇದೆ. ಬಾಯಿಗೆ ಬಂದ ಹಾಗೆ ಆಡ್ತೀವಿ, ಯೋಚನೆ ಮಾಡಲ್ಲ. ಇಲ್ಲಿ ಪ್ರತಿ ಸಲ ಯೋಚನೆ ಮಾಡಬೇಕು. ಅದಕ್ಕೇ ಬೇರೆ ಭಾಷೆ ಕಲಿಯೋದು."

ಅವರು 'ಬರು' ಎಂಬ ಕ್ರಿಯಾಪದ ತೆಗೆದುಕೊಂಡರು. ಬರೆಯುವಾಗ ವೀನೊ, ಆಡುವಾಗ ಬೀನೊ: ಬಂದಳು. ಬೆನೀಆ: ಬರುತ್ತಿದ್ದಳು. ಮುಂದೆ 'ನೊ' ಸೇರಿಸಿದರೆ ಇಲ್ಲ ಎಂದಾಗುತ್ತದೆ. ಹಿಂದಿನ ಬೆಂಚಿನವನೊಬ್ಬ ಪುಸ್ತಕದ ಕೊನೆಯ ಪಟ್ಟಿ ನೋಡಿ, ವೀನೊ ಎಂದರೆ ದ್ರಾಕ್ಷಿಮದ್ಯ ಎಂದೂ ಆಗುತ್ತದೆ ಎಂದು ಕಂಡುಹಿಡಿದ. ಆಮೇಲೆ ಆ ಪೀರಿಯಡ್ಡಿನಲ್ಲಿ ಪಾಠ ನಡೆಯಲಿಲ್ಲ.

ಗಂಟೆ ಹೊಡೆಯುವ ಮುಂಚೆ ಮೇಡಂ ಪರೀಕ್ಷೆಯ ವಿಷಯ ಹೇಳಿದರು. ಕಾಗದ ಇಲ್ಲ, ಪೆನ್ನು ಇಲ್ಲ. ಕ್ಲಾಸಿನ ಎದುರು ನಿಂತು ಮಾತಾಡಬೇಕು. ಮನೆಯ ಹಿರಿಯರನ್ನು ಕೇಳಿ ಅವರ ಬದುಕಿನದೊಂದು ಸಂಗತಿ ಹೇಳಬೇಕು. ಏನು ನಡೆಯುತ್ತಿತ್ತು, ಒಂದು ದಿನ ಏನು ನಡೆಯಿತು. "ಬರೀ ನಡೆಯುತ್ತಿತ್ತು ಅಂದ್ರೆ ಕಥೆ ಇಲ್ಲ. ಆ 'ಒಂದು ದಿನ' ನನಗೆ ಬೇಕು."

*

ಅಜ್ಜಿ ಬಟಾಣಿ ಸುಲಿಯುತ್ತಾ ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದಳು. ಯಾಕಮ್ಮ ಒಂದು ಹಿಡಿ ತನ್ನ ಮಡಿಲಿಗೆ ಎಳೆದುಕೊಂಡಳು.

"ಅಜ್ಜೀ, ನೀನು ಚಿಕ್ಕವಳಿದ್ದಾಗ ಏನು ಮಾಡ್ತಿದ್ದೆ?"

"ಏನು ಮಾಡ್ತಿದ್ದೆ? ನೀರು ಹೊರ್ತಿದ್ದೆ. ಬಟ್ಟೆ ಒಗೀತಿದ್ದೆ. ಏಟು ತಿಂತಿದ್ದೆ."

"ಒಂದು ದಿನ ಏನಾಯ್ತು?"

"ಒಂದು ದಿನವೂ ಏನೂ ಆಗಲಿಲ್ಲ. ಅದೇ ನೀರು, ಅದೇ ಬಟ್ಟೆ."

"ಮದುವೆ ಆಯ್ತಲ್ಲ?"

"ಆಯ್ತು. ಆಮೇಲೆ ಇಲ್ಲಿ ನೀರು ಹೊರ್ತಿದ್ದೆ."

ಯಾಕಮ್ಮನಿಗೆ ನಗು ಬಂತು. "ಹೋಗ್ಲಿ, ಅತ್ತೆ ಬಗ್ಗೆ ಹೇಳು. ಸ್ಪ್ಯಾನಿಷ್‌ನಲ್ಲಿ ಅತ್ತೆಗೆ ತೀಆ ಅಂತಾರೆ."

"ಯಾವ ಅತ್ತೆಗೆ? ಅಪ್ಪನ ಅಕ್ಕನಿಗಾ, ಗಂಡನ ತಾಯಿಗಾ?"

"ಅಪ್ಪನ ಅಕ್ಕನಿಗೆ. ಚಿಕ್ಕಮ್ಮನಿಗೂ ಅದೇ, ದೊಡ್ಡಮ್ಮನಿಗೂ ಅದೇ."

"ಎಲ್ಲರಿಗೂ ಒಂದೇನಾ? ಹಾಗಾದ್ರೆ ಜಗಳ ಯಾರ ಜೊತೆ ಆಯ್ತು ಅಂತ ಗೊತ್ತಾಗೋದು ಹೇಗೆ?"

ಮಾತು ಆಡಿದ ಮೇಲೆ ಅಜ್ಜಿ ತಲೆ ತಗ್ಗಿಸಿ ಇನ್ನೊಂದು ಕಾಯಿ ಸುಲಿದಳು. ಅಪ್ಪನ ಅಕ್ಕ ಇದೇ ಊರಿನ ಇನ್ನೊಂದು ತುದಿಯಲ್ಲಿ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದಳು. ಒಂಟಿ ಹೆಂಗಸು. ತಾತ ಸತ್ತ ಮೇಲೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮಧ್ಯಾಹ್ನ ಅಪ್ಪ ಅಂಗಡಿಯಲ್ಲಿರುವ ಹೊತ್ತಿಗೆ ಅಜ್ಜಿಗೆ ಅವಳ ಫೋನು ಬರುತ್ತದೆ ಎಂಬುದು ಅಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದ.

"ಅವಳು ಮೊದಲು ಪ್ರತಿ ಶನಿವಾರ ಬರ್ತಿದ್ದಳು," ಎಂದಳು ಅಜ್ಜಿ. "ನಿಮ್ಮ ತಾತನನ್ನ ಕಾರಲ್ಲಿ ಕೂರಿಸ್ಕೊಂಡು ಊರೆಲ್ಲಾ ಸುತ್ತಿಸ್ತಿದ್ದಳು. ಅವರು ಹಿಂದಿನ ಸೀಟಲ್ಲಿ ದೊರೆ ಹಾಗೆ ಕೂರ್ತಿದ್ರು. ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ವಲ್ಲ, ಆ ದಿನ ಬರಲಿಲ್ಲ. ಅವತ್ತೇ ಸಂಜೆ ಅವರು ಹೋದ್ರು."

"ಯಾಕೆ ಬರಲಿಲ್ಲ?"

"ನನಗೇನು ಗೊತ್ತು?"

"ದಿನಾ ಫೋನ್ ಮಾಡ್ತಾರಲ್ಲ, ನೀನು ಕೇಳಲಿಲ್ವಾ?"

ಅಜ್ಜಿ ಬಟಾಣಿಯ ಸಿಪ್ಪೆಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಕೂತಳು. "ಕೇಳಿದ್ರೆ ಇರೋದೊಂದು ಫೋನೂ ನಿಂತು ಹೋದ್ರೆ? ಬೇಡ ಕಣೇ. ಇದನ್ನ ನೀನು ಸ್ಕೂಲಲ್ಲಿ ಹೇಳ್ಬೇಡ. ನೀರು ಹೊತ್ತಿದ್ದೇ ಹೇಳು."

*

ಶನಿವಾರ ಅರ್ಧ ದಿನ ಶಾಲೆ. ಅದು ಮುಗಿಸಿ ಯಾಕಮ್ಮ ಅಂಗಡಿಗೆ ಬಂದಾಗ ಅಪ್ಪ ಕಿಟಕಿಯ ಗಾಜು ಕೊಯ್ಯುತ್ತಿದ್ದ. ಕಂಬಳಿ ಹಾಸಿದ ಮೇಜು, ಅದರ ಮೇಲೆ ಗಾಜು, ಗಾಜಿನ ಮೇಲೆ ಮರದ ಅಳತೆಪಟ್ಟಿ. ಕಟರನ್ನು ಎಣ್ಣೆಯಲ್ಲಿ ಅದ್ದಿ ಪಟ್ಟಿಯ ಅಂಚಿಗೆ ಒತ್ತಿ ಎಳೆದ. ಕರ್ರೆಂದು ಸದ್ದು ಬಂತು.

"ಇನ್ನೊಂದು ಸಲ ಎಳೀಬೇಕಾ ಅಪ್ಪಾ?"

"ಎಳೆದ್ರೆ ಕೆಟ್ಟೇ ಹೋಯ್ತು. ಗಾಜಿಗೆ ನಿಮ್ಮ ಮೇಡಮ್ಮಿನ ಓತ್ರಾ ಬೆಸ್ ಆಗಿ ಬರಲ್ಲ." ಗಾಜನ್ನು ಮೇಜಿನ ಅಂಚಿಗೆ ತಂದು ಕೆಳಕ್ಕೆ ಅದುಮಿದ. ಅದು ಗೆರೆಯ ಗುಂಟ ಬೇರೆಯಾಯಿತು.

ಓತ್ರಾ ಬೆಸ್ ಇವರಿಗೆ ಹೇಗೆ ಗೊತ್ತು ಎಂದು ಯಾಕಮ್ಮನಿಗೆ ಆಶ್ಚರ್ಯವಾಯಿತು. ಅವಳು ಓದುವ ಮೂಲೆಗೂ ಅಪ್ಪ ಮಲಗುವ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಅದು ಅವಳ ತಲೆಗೆ ಹೊಳೆಯಲಿಲ್ಲ.

"ಅಪ್ಪಾ, ಅತ್ತೆ ಯಾಕೆ ನಮ್ಮನೆಗೆ ಬರಲ್ಲ?"

ಅಪ್ಪ ಗಾಜಿನ ಚೂರುಗಳನ್ನು ಡಬ್ಬಿಗೆ ಗುಡಿಸಿದ. "ಅವಳು ಯಾವತ್ತೂ ಬರ್ತಿರಲಿಲ್ಲ. ಆಸ್ಪತ್ರೇಲಿ ತಾತ ಬಾಗಿಲನ್ನೇ ನೋಡ್ತಾ ಮಲಗಿದ್ರು. ಬರಲಿಲ್ಲ. ಅವಳ ಬುದ್ಧಿಯೇ ಅಷ್ಟು."

"ಬರ್ತಿರಲಿಲ್ವಾ, ಬರಲಿಲ್ವಾ?"

"ಏನದು?"

"ಯಾವತ್ತೂ ಬರ್ತಿರಲಿಲ್ಲ ಅನ್ನೋದು ಒಂದು. ಆ ದಿನ ಬರಲಿಲ್ಲ ಅನ್ನೋದು ಇನ್ನೊಂದು. ಪ್ರತಿ ಶನಿವಾರ ಬರ್ತಿದ್ರು ಅಂತ ಅಜ್ಜಿ..."

"ಅಜ್ಜಿಗೆ ಮರೆವು." ಅಪ್ಪನ ಧ್ವನಿ ಏರಿತು. ಕನ್ನಡಿ ನೋಡುತ್ತಿದ್ದ ಗಿರಾಕಿ ತಿರುಗಿದ. "ಈ ತಲೆಹರಟೆ ಕಲಿಯೋಕೆ ನಿನ್ನನ್ನ ಶಾಲೆಗೆ ಕಳಿಸಿದ್ದಾ? ಹೋಗು, ಊಟ ಮಾಡು ಹೋಗು."

ಮನೆಯಲ್ಲಿ ಅಮ್ಮ ಬೇಕರಿಯಿಂದ ತಂದ ಬ್ರೆಡ್ಡನ್ನು ಹೆಚ್ಚುತ್ತಿದ್ದಳು. ಯಾಕಮ್ಮ ಅವಳನ್ನೂ ಕೇಳಿದಳು.

"ಅತ್ತಿಗೆ ಬರ್ತಿದ್ರು," ಎಂದಳು ಅಮ್ಮ. "ಬಂದಾಗಲೆಲ್ಲ ನನ್ನ ಅಡುಗೆಗೆ ಹೆಸರಿಡ್ತಿದ್ರು. ಬರೋದು ನಿಂತಾಗ ಮೊದಲ ಒಂದು ತಿಂಗಳು ನನಗೆ ಹಾಯಾಗಿತ್ತು, ಸುಳ್ಳು ಯಾಕೆ ಹೇಳ್ಲಿ? ಆಮೇಲೆ ನಿಮ್ಮಜ್ಜಿ ಶನಿವಾರ ಬಂದ್ರೆ ಕಿಟಕಿ ಹತ್ತಿರ ಹೋಗಿ ನಿಲ್ಲೋಕೆ ಶುರು ಮಾಡಿದ್ರು. ಅದನ್ನ ನೋಡಿದ ಮೇಲೆ ಹಾಯೆಲ್ಲಾ ಹೋಯ್ತು."

"ಅವತ್ತು ಯಾಕೆ ಬರಲಿಲ್ಲ ಅಂತ ನೀನಾದ್ರೂ ಕೇಳಬಹುದಿತ್ತಲ್ಲ?"

"ನಾನು ಸೊಸೆ ಕಣೇ. ಅಕ್ಕ ತಮ್ಮಂದಿರ ನಡುವೆ ಬಾಯಿ ಹಾಕಿದ್ರೆ ಕೊನೆಗೆ ಅವರಿಬ್ಬರೂ ಒಂದಾಗ್ತಾರೆ, ನಾನು ಕೆಟ್ಟವಳಾಗ್ತೀನಿ." ಅಮ್ಮ ಚಾಕುವನ್ನು ಒರೆಸಿದಳು. "ನಿನಗೆ ಬೇಕಾದ್ರೆ ಹೋಗಿ ಅವರನ್ನೇ ಕೇಳು. ನಾನು ಹೇಳ್ದೆ ಅನ್ಬೇಡ."

*

ಡ್ರೈವಿಂಗ್ ಸ್ಕೂಲ್ ಎಂದರೆ ಟೈರಿನಂಗಡಿಯ ಪಕ್ಕದ ಒಂದೇ ಕೋಣೆ. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಿತ್ರ. ಹೊರಗೆ ಛಾವಣಿಯ ಮೇಲೆ ಕೆಂಪು ಫಲಕ ಹೊತ್ತ ಪುಟ್ಟ ಕಾರು. ಅತ್ತೆ ಅದರ ಬಾನೆಟ್ ಒರೆಸುತ್ತಿದ್ದಳು. ಹುಡುಗಿಯನ್ನು ನೋಡಿದ ಕೂಡಲೇ ಬಟ್ಟೆ ಅವಳ ಕೈಯಲ್ಲೇ ನಿಂತಿತು.

"ಅಮ್ಮನಿಗೆ ಏನಾದ್ರೂ ಆಯ್ತಾ?"

"ಇಲ್ಲ ಅತ್ತೆ. ಹೋಂವರ್ಕು."

ಅತ್ತೆಗೆ ಉಸಿರು ಬಂತು. "ಹೋಂವರ್ಕಿಗೆ ಇಷ್ಟು ದೂರ ಬಂದ್ಯಾ? ಎಷ್ಟು ಉದ್ದ ಆಗಿದ್ದೀಯೇ! ನಿಮ್ಮ ತಾತನ ಕಾಲು ನಿನಗೆ."

ಒಳಗೆ ಕೂರಿಸಿ ಚಹಾ ಕೊಟ್ಟಳು. ಯಾಕಮ್ಮ ಸುತ್ತಿ ಬಳಸಿ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ನೇರವಾಗಿಯೇ ಬಂತು. "ತಾತ ಆಸ್ಪತ್ರೇಲಿದ್ದ ದಿನ ನೀವು ಯಾಕೆ ಬರಲಿಲ್ಲ?"

ಅತ್ತೆ ಲೋಟವನ್ನು ಕೆಳಗಿಟ್ಟಳು. "ಇದು ಯಾವ ಸೀಮೆ ಹೋಂವರ್ಕು?"

"ಸ್ಪ್ಯಾನಿಷ್."

ಅತ್ತೆ ಗಟ್ಟಿಯಾಗಿ ನಕ್ಕಳು. ನಕ್ಕು ಮುಗಿಸುವಷ್ಟರಲ್ಲಿ ಕಣ್ಣು ಒದ್ದೆಯಾಗಿತ್ತು. "ಮನೇಲಿ ಯಾರಿಗೂ ಕೇಳಬೇಕು ಅನಿಸಲಿಲ್ಲ. ಈಗ ಸ್ಪ್ಯಾನಿಷ್‌ನೋರಿಗೆ ಬೇಕಾಯ್ತಾ!" ಕಣ್ಣು ಒರೆಸಿಕೊಂಡು ಹೇಳಿದಳು: "ನಾನು ಬಂದಿದ್ದೆ ಕಣೇ."

"ಎಲ್ಲಿಗೆ?"

"ಆಸ್ಪತ್ರೆಗೆ. ಪಾಠ ಅರ್ಧಕ್ಕೆ ಬಿಟ್ಟು, ಕಲಿಯೋಕೆ ಬಂದವನನ್ನ ರಸ್ತೇಲೇ ಇಳಿಸಿ ಬಂದೆ. ಎಕ್ಸ್‌ರೇ ಕೋಣೆ ಪಕ್ಕ ಸ್ಟ್ರೆಚರ್ ಸಾಲಾಗಿ ನಿಲ್ಲಿಸಿದ್ರು. ಅಲ್ಲಿಗೆ ಬರೋ ಹೊತ್ತಿಗೆ ನಿಮ್ಮಪ್ಪನ ಧ್ವನಿ ಕೇಳಿಸ್ತು. ಯಾರೋ ಅವನನ್ನ 'ಅಕ್ಕನಿಗೆ ಹೇಳಿದ್ದೀರಾ?' ಅಂತ ಕೇಳಿದ್ರು ಅಂತ ಕಾಣುತ್ತೆ. 'ಅವಳನ್ನ ಕಾಯ್ತಾ ಕೂರೋದು ಬೇಡ, ಅವಳು ಯಾವತ್ತು ಬಂದಿದ್ದಾಳೆ?' ಅಂತ ಕೂಗಾಡ್ತಿದ್ದ. ಪ್ರತಿ ಶನಿವಾರ ಬರ್ತಿದ್ದೋಳು ನಾನು! ಮೈಯೆಲ್ಲಾ ಉರಿದುಹೋಯ್ತು. ತಿರುಗಿ ಹೊರಟೆ. ಇವನ ಕೋಪ ಇಳೀಲಿ, ನಾಳೆ ಬೆಳಿಗ್ಗೆ ಬಂದು ಅಪ್ಪನ್ನ ನೋಡೋಣ ಅಂದ್ಕೊಂಡೆ."

ನಾಳೆ ಬೆಳಿಗ್ಗೆ ಏನಾಯಿತು ಎಂದು ಯಾಕಮ್ಮ ಕೇಳಲಿಲ್ಲ. ಅಷ್ಟು ಅವಳಿಗೂ ಗೊತ್ತಿತ್ತು.

"ಮನೇಲಿ ಹೇಳ್ಬೇಡ," ಎಂದಳು ಅತ್ತೆ, ಬಸ್‌ಸ್ಟಾಪಿನವರೆಗೆ ಬಂದು. "ಶಾಲೇಲಿ ಬೇಕಾದ್ರೆ ಹೇಳು. ಆ ಭಾಷೇಲಿ ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ."

*

ಮುಂದಿನ ದಿನಗಳಲ್ಲಿ ಯಾಕಮ್ಮ ಅತ್ತೆಯ ಮಾತು ಮೀರಲಿಲ್ಲ. ಕನ್ನಡದಲ್ಲಿ ಒಂದಕ್ಷರ ಆಡಲಿಲ್ಲ. ಆದರೆ ಬಾಯಿಪಾಠ ಮಾಡಲೇಬೇಕಿತ್ತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಜಡೆ ಹಾಕಿಸಿಕೊಳ್ಳುವಾಗ, "ಮಿ ತೀಆ ಬೀನೊ ಅಲ್ ಒಸ್ಪಿತಾಲ್. ನಾದಿಯೆ ಲಾ ಬಿಯೊ," ಎಂದು ರಾಗವಾಗಿ ಹೇಳಿಕೊಳ್ಳುತ್ತಿದ್ದಳು. ಯಾರೂ ಅವಳನ್ನು ನೋಡಲಿಲ್ಲ ಎಂದು ಎರಡನೆಯ ವಾಕ್ಯದ ಅರ್ಥ. ಬೀನೊ ಎಂದರೆ ಬೀನ್ಸಾ ಎಂದು ಅಜ್ಜಿ ಕೇಳಿದಳು. ಅಮ್ಮ ಮಾತ್ರ ಒಮ್ಮೆ ಮಗಳ ಮುಖ ನೋಡಿ ಜಡೆ ಬಿಗಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ಹಿತ್ತಲ ಬಾಗಿಲ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಯಾಕಮ್ಮ ಶೂಗೆ ಪಾಲಿಶ್ ತಿಕ್ಕುತ್ತಾ ಕೊನೆಯ ಸಲ ಒಪ್ಪಿಸಿಕೊಳ್ಳುತ್ತಿದ್ದಳು.

"ಮಿ ತೀಆ ಬೀನೊ ಅಲ್ ಒಸ್ಪಿತಾಲ್..."

"ತಪ್ಪು," ಎಂದ ಅಪ್ಪ ಕನ್ನಡಿಯಿಂದ ಕಣ್ಣು ತೆಗೆಯದೆ.

"ಏನು?"

"ಒಂದು ವಾರದಿಂದ ಕೇಳ್ತಿದ್ದೀನಿ, ಒಂದೇ ತಪ್ಪು ಹೇಳ್ತಿದ್ದೀಯ. ತೀಆ ಅಂದ್ರೆ ಅತ್ತೆ. ಬೀನೊ ಅಂದ್ರೆ ಬಂದಳು. ಒಸ್ಪಿತಾಲ್ ಏನು ಅಂತ ಕುರುಡನಿಗೂ ಗೊತ್ತಾಗುತ್ತೆ. ನಮ್ಮನೆ ಮಾತನ್ನ ಊರಿಗೆಲ್ಲಾ ಹೇಳ್ತೀಯ, ಹೋಗ್ಲಿ. ಸರಿಯಾಗಿ ಹೇಳು. 'ನೊ' ಬಿಟ್ಟಿದ್ದೀಯ. ನೊ ಬೀನೊ. ಬರಲಿಲ್ಲ."

ಯಾಕಮ್ಮ ಬ್ರಷ್ಷನ್ನು ಕೆಳಗಿಟ್ಟಳು. ಅವಳು ಅಮ್ಮನನ್ನು ನೋಡಿದಳು. ಅಮ್ಮ ಒಲೆಯ ಉರಿ ಸಣ್ಣ ಮಾಡಿದಳು.

"ಬಿಟ್ಟಿಲ್ಲ ಅಪ್ಪಾ," ಎಂದಳು ಹುಡುಗಿ. "ಅಲ್ಲಿ 'ನೊ' ಇಲ್ಲ."

ಅಪ್ಪ ತಿರುಗಿದ. ಅರ್ಧ ಮುಖದಲ್ಲಿ ನೊರೆ. "ಅಂದ್ರೆ?"

"ಅತ್ತೆ ಬಂದಿದ್ರು. ಎಕ್ಸ್‌ರೇ ಕೋಣೆ ಪಕ್ಕ ನಿಂತಿದ್ರು. ನೀವು 'ಅವಳು ಯಾವತ್ತು ಬಂದಿದ್ದಾಳೆ?' ಅಂತ ಕೂಗ್ತಿದ್ರಿ. ಕೇಳಿಸ್ಕೊಂಡು ವಾಪಸ್ ಹೋದ್ರು."

"ಸುಳ್ಳು."

"ಸುಳ್ಳಾದ್ರೆ ಅವರನ್ನೇ ಕೇಳಿ," ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳು ಗಂಡನಿಗೆ ನೇರವಾಗಿ ಆಡಿದ ಮಾತು ಅದು.

ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. "ಬಂದಿದ್ದಳಾ?" ಎಂದು ಕೇಳಿದಳು. "ನಮ್ಮ ಹುಡುಗಿ ಬಂದಿದ್ದಳಾ?" ಎಂದು ಮತ್ತೆ ಕೇಳಿ, ಅಲ್ಲೇ ಇದ್ದ ಮಣೆಯ ಮೇಲೆ ಕುಸಿದು ಕೂತಳು. ಅಮ್ಮ ಓಡಿಹೋಗಿ ನೀರು ಕುಡಿಸಿದಳು.

ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ. ಒಂದು ಕೆನ್ನೆ ಹೆರೆದದ್ದು, ಇನ್ನೊಂದು ಹೆರೆಯದ್ದು. ಹಾಗೇ ಅಂಗಿ ಹಾಕಿಕೊಂಡು ಹೊರಟುಹೋದ.

*

ಆ ಬೆಳಿಗ್ಗೆ ಗಾಜಿನಂಗಡಿಯ ಬಾಗಿಲು ತೆರೆಯಲಿಲ್ಲ. ಅಪ್ಪ ಎರಡು ಬಸ್ಸು ಬದಲಾಯಿಸಿ ಟೈರಿನಂಗಡಿಯ ಹತ್ತಿರ ಇಳಿಯುವಾಗ ಕೆಂಪು ಫಲಕದ ಕಾರು ಆಗಷ್ಟೇ ಹೊರಡುತ್ತಿತ್ತು. ಸ್ಟಿಯರಿಂಗ್ ಹಿಡಿದವನು ಒಬ್ಬ ಹಲ್ಲಿನ ಡಾಕ್ಟರು, ಆಗಲೇ ಬೆವರುತ್ತಿದ್ದ. ಅಪ್ಪ ಮುಂದೆ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ.

ಅತ್ತೆ ಕಿಟಕಿ ಇಳಿಸಿ ತಮ್ಮನ ಮುಖವನ್ನು ನೋಡಿದಳು. "ಅಮ್ಮ ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ. ನಿನ್ನ ಹತ್ತಿರ ಮಾತಾಡಬೇಕು."

"ಪಾಠ ನಡೀತಿದೆ. ಇವರಿಗೆ ನಾಳೆ ಲೈಸೆನ್ಸ್ ಪರೀಕ್ಷೆ. ಮಾತಾಡಬೇಕು ಅಂದ್ರೆ ಹಿಂದೆ ಹತ್ತು."

ಅಪ್ಪ ಹತ್ತಿದ. ಕಾರು ಎರಡು ಸಲ ಜಿಗಿದು ಮುಂದೆ ಹೋಯಿತು.

"ಅವತ್ತು ನೀನು ಬಂದಿದ್ಯಾ?"

"ಎಡಕ್ಕೆ ಇಂಡಿಕೇಟರ್ ಹಾಕಿ ಡಾಕ್ಟ್ರೇ."

"ಅಕ್ಕಾ, ಕೇಳ್ತಿದ್ದೀನಿ."

"ಇಷ್ಟು ವರ್ಷ ಬಿಟ್ಟು ಕೇಳ್ತಿದ್ದೀಯ. ಈ ಸರ್ಕಲ್ ದಾಟೋವರೆಗೆ ಕಾಯೋಕಾಗಲ್ವಾ?"

ಸರ್ಕಲ್ ದಾಟಿತು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ ಬೈದುಕೊಂಡು ಹೋದ.

"ಬಂದಿದ್ದೆ," ಎಂದಳು ಅತ್ತೆ.

"ಹಾಗಾದ್ರೆ ಕೂಗಬಾರದಿತ್ತಾ?"

"ನೀನು ಕೂಗ್ತಿದ್ದೆಯಲ್ಲ. ಇಬ್ಬರೂ ಕೂಗೋದು ಆಸ್ಪತ್ರೇಲಿ ಚೆನ್ನಾಗಿರಲ್ಲ ಅಂತ ಬಿಟ್ಟೆ. ಗೇರ್ ಬದಲಾಯಿಸಿ ಡಾಕ್ಟ್ರೇ, ಗಾಡಿ ಅಳ್ತಿದೆ."

"ನಾನು ಆ ಮಾತು ಆಡಿದ್ದು ನನಗೆ ನೆನಪೇ ಇಲ್ಲ."

"ನನಗಿದೆ."

"ಹೆದರಿದ್ದೆ ಅಕ್ಕಾ." ಅಪ್ಪ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಆಪರೇಷನ್ ಮಾಡೋದಾ ಬೇಡವಾ ಅಂತ ನನ್ನನ್ನ ಕೇಳ್ತಿದ್ರು. ಮನೇಲಿ ಅಂಥದ್ದನ್ನೆಲ್ಲಾ ನೀನು ಹೇಳ್ತಿದ್ದೆ, ನಾನು ಮಾಡ್ತಿದ್ದೆ. ನೀನು ಕಾಣಲಿಲ್ಲ. ಬಾಯಿಗೆ ಬಂದಿದ್ದು ಅಂದಿರಬೇಕು. ಅಪ್ಪ ಹೋದ ಮೇಲೆ, ನೀನು ಯಾವತ್ತೂ ಬರ್ತಾನೇ ಇರಲಿಲ್ಲ ಅಂತ ಅಂದ್ಕೊಂಡ್ರೆ ಸುಲಭ ಆಗ್ತಿತ್ತು. ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಆಯ್ತು."

ಅತ್ತೆ ತನ್ನ ಕಾಲಡಿಯ ಬ್ರೇಕನ್ನು ಒತ್ತಿದಳು. ಕಾರು ರಸ್ತೆಯ ಪಕ್ಕ ನಿಂತಿತು.

"ನಾನೂ ಮಾಡಬಾರದ್ದು ಮಾಡಿದೆ ಕಣೋ," ಎಂದಳು, ಮುಂದಿನ ಗಾಜನ್ನೇ ನೋಡುತ್ತಾ. "ನಿನ್ನ ಮೇಲೆ ಕೋಪ ಇತ್ತು, ಸರಿ. ಅಪ್ಪನ ಮೇಲೆ ಇರಲಿಲ್ಲವಲ್ಲ. ಒಳಗೆ ಹೋಗಿ ನೋಡಬೇಕಿತ್ತು. ಯಾರೂ ತಡೀತಿರಲಿಲ್ಲ. ನಾನೇ ಹೋಗಲಿಲ್ಲ."

ಹಲ್ಲಿನ ಡಾಕ್ಟರು ಸ್ಟಿಯರಿಂಗ್ ಬಿಡದೆ, ಮೆಲ್ಲಗೆ, "ನಾನು ಇಳಿದು ಸ್ವಲ್ಪ ಹೊತ್ತು ನಿಂತ್ಕೊಳ್ಳಲಾ?" ಎಂದ.

"ಬೇಡ, ಕೂತ್ಕೊಳ್ಳಿ," ಎಂದು ಅಕ್ಕ ತಮ್ಮ ಒಟ್ಟಿಗೆ ಅಂದರು.

ಅತ್ತೆ ಆಗ ಹಿಂದಕ್ಕೆ ತಿರುಗಿ ತಮ್ಮನನ್ನು ಸರಿಯಾಗಿ ನೋಡಿದಳು. "ಏನೋ ಇದು ಮುಖ? ಅರ್ಧ ಹೊಲ ಕೊಯ್ದು ಅರ್ಧ ಬಿಟ್ಟ ಹಾಗಿದೆ."

*

ಅದೇ ಹೊತ್ತಿನಲ್ಲಿ ಯಾಕಮ್ಮ ಕಪ್ಪುಹಲಗೆಯ ಮುಂದೆ ನಿಂತಿದ್ದಳು. ತಾತ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದದ್ದು, ಅತ್ತೆ ಬರುತ್ತಿದ್ದದ್ದು, ಎಲ್ಲವನ್ನೂ ಅಲೆಯ ಬಾಗಿಲಿನಿಂದ ಹೇಳಿದಳು. ಆಮೇಲೆ ಚುಕ್ಕಿಗೆ ಬಂದಳು. "ಮಿ ತೀಆ ಬೀನೊ." ಹಿಂದಿನ ಬೆಂಚಿನವನು ದ್ರಾಕ್ಷಿಮದ್ಯದ ನಗೆ ನಗಲು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿಕೊಂಡ. ಒಂದು ಕಡೆ ಅವಳು 'ಕೇಳಿಸಿತು' ಎನ್ನುವ ಬದಲು 'ಕೇಳಿಸುತ್ತಿತ್ತು' ಎಂದಳು. ಮೇಡಂ ತಡೆಯಲಿಲ್ಲ.

ಮುಗಿದ ಮೇಲೆ ಅವರು ಪರೀಕ್ಷೆಯ ನಿಯಮ ಮರೆತು ಕನ್ನಡದಲ್ಲೇ ಕೇಳಿದರು: "ಆಮೇಲೆ ಏನಾಯ್ತು?"

"ಗೊತ್ತಿಲ್ಲ ಮೇಡಂ. ಅಪ್ಪ ಬೆಳಿಗ್ಗೆ ಹೊರಗೆ ಹೋದ್ರು. ಎಲ್ಲಿಗೆ ಅಂತ ಹೇಳಲಿಲ್ಲ."

"ಗೊತ್ತಾದ ಮೇಲೆ ಬಂದು ಹೇಳು. ಅದಕ್ಕೆ ಅಂಕ ಇಲ್ಲ. ನನಗೆ ಬೇಕು." ಹಾಗೆಂದು ಆ ಒಂದು ತಪ್ಪಿಗೆ ಅಂಕ ಕಳೆದು, ಉಳಿದದ್ದನ್ನು ಧಾರಾಳವಾಗಿ ಕೊಟ್ಟರು.

ಸಂಜೆ ಅಂಕ ಕೇಳಿದ ಅಮ್ಮ ಗಂಡನ ಕಡೆ ತಿರುಗಿದಳು. "ಹಾಗಾದ್ರೆ ಲೆಕ್ಕಶಾಸ್ತ್ರ?"

"ಯಾವ ಲೆಕ್ಕಶಾಸ್ತ್ರ?" ಎಂದ ಅಪ್ಪ. "ಉಪ್ಪು ಕೊಡು ಇಲ್ಲಿ."

*

ಭಾನುವಾರ ಅತ್ತೆ ಬಂದಳು. ಅಜ್ಜಿ ಬೆಳಗಿನಿಂದ ಒಳಗೂ ಹೊರಗೂ ತಿರುಗಿ ಎಲ್ಲರ ಕಾಲಿಗೂ ತೊಡರುತ್ತಿದ್ದಳು. ಮಗಳು ಒಳಗೆ ಕಾಲಿಟ್ಟಾಗ ಅವಳ ತೋಳನ್ನು ಹಿಡಿದುಕೊಂಡು, ಊಟಕ್ಕೆ ಕೂರುವವರೆಗೂ ಬಿಡಲಿಲ್ಲ. ಅತ್ತೆ ಒಂದೇ ಕೈಯಲ್ಲಿ ಚಪ್ಪಲಿ ಬಿಚ್ಚಿದಳು, ಒಂದೇ ಕೈಯಲ್ಲಿ ಕುರ್ಚಿ ಎಳೆದುಕೊಂಡಳು.

ಊಟ ಸಲೀಸಾಗಿ ನಡೆಯಿತು ಎನ್ನುವಂತಿರಲಿಲ್ಲ. ಬೇಳೆಗೆ ಉಪ್ಪು ಕಡಿಮೆ ಎಂದಳು ಅತ್ತೆ. ಅಮ್ಮ ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಕುಕ್ಕಿದಳು. ಕಾರನ್ನು ಪಕ್ಕದ ಮನೆಯವರ ಗೇಟಿಗೆ ಅಡ್ಡವಾಗಿ ನಿಲ್ಲಿಸಿದ್ದೀಯ ಎಂದ ಅಪ್ಪ. ಗೇಟಿನಿಂದ ಎಷ್ಟು ಜಾಗ ಬಿಡಬೇಕು ಎಂದು ನನಗೆ ಹೇಳಿಕೊಡುತ್ತೀಯಾ ಎಂದು ಅತ್ತೆ ಎದ್ದುನಿಂತಳು. ಇಬ್ಬರೂ ಎಂಜಲು ಕೈಯಲ್ಲೇ ಹೊರಗೆ ಹೋಗಿ ನೋಡಿ ಬಂದರು.

ಯಾಕಮ್ಮ ಗಾಬರಿಯಿಂದ ಅಜ್ಜಿಯ ಕಿವಿಯ ಹತ್ತಿರ ಬಾಗಿದಳು. "ಮತ್ತೆ ಜಗಳ ಆಗುತ್ತಾ?"

"ಆಗ್ಲಿ ಬಿಡೇ," ಎಂದಳು ಅಜ್ಜಿ, ಇನ್ನೊಂದು ತುತ್ತು ಬಾಯಿಗಿಡುತ್ತಾ. "ಮಾತಾಡೋರು ತಾನೇ ಜಗಳ ಆಡೋದು?"

ಬಿಸಿಲು ಇಳಿದ ಮೇಲೆ ಅತ್ತೆ ಹೊರಟಳು. ಅಜ್ಜಿಗೆ ಹೇಳಿದಳು, ಅಮ್ಮನಿಗೆ ಹೇಳಿದಳು. ಹುಡುಗಿಯ ಜಡೆ ಎಳೆದಳು. ಕಾರಿನ ಬಾಗಿಲು ತೆರೆದು, ಎಲ್ಲರೂ ಹೊರಡುವಾಗ ಹೇಳುವಂತೆ, ತಮ್ಮನಿಗೂ ಹೇಳಿದಳು.

"ಬರ್ತೀನಿ ಕಣೋ."

ಆ ಮಾತಿಗೆ ಹ್ಞೂಂ ಎನ್ನುವುದು ವಾಡಿಕೆ. ಅಪ್ಪ ಗೇಟಿನ ಸರಳು ಹಿಡಿದು ನಿಂತಿದ್ದ.

"ಯಾವಾಗ?" ಎಂದು ಕೇಳಿದ.

ಅತ್ತೆ ತಡವರಿಸಿದಳು. ಹಾಗೆ ಯಾರೂ ಕೇಳುವುದಿಲ್ಲ. ಕೈಯಲ್ಲಿದ್ದ ಕಾರಿನ ಕೀಲಿಯನ್ನು ನೋಡಿಕೊಂಡು, ನಿಜವಾಗಿ ಯೋಚನೆ ಮಾಡಿದಳು.

"ಬುಧವಾರ," ಎಂದಳು. "ಬುಧವಾರ ಮಧ್ಯಾಹ್ನ ನನಗೆ ಪಾಠ ಇರಲ್ಲ."